ಕೊಯ್ದ ಕಾಳುಮೆಣಸನ್ನು ಒಣಗಿಸುವುದು: ಬರಿಬಿಸಿಲು, ಬಿಸಿನೀರು, ಪಾಲಿಥೀನ್ ಮನೆ, ಡ್ರೈಯರ್ – ಯಾರಿಗೆ ಯಾವುದು ಹೊಂದುತ್ತದೆ

ಕಾಫಿ ತೋಟದ ಸಿಲ್ವರ್ ಓಕ್ ಮತ್ತು ಹಾಲುವಾಣದ ಮರಗಳಿಗೆ ಬಳ್ಳಿ ಹಬ್ಬಿಸಿ, ವರ್ಷಕ್ಕೆ ನಾಲ್ಕೈದು ಕ್ವಿಂಟಾಲಿನಿಂದ ಹದಿನೈದು ಕ್ವಿಂಟಾಲಿನವರೆಗೆ ಒಣ ಮೆಣಸು ಮಾಡುವ ಸಣ್ಣ ಬೆಳೆಗಾರರು ಮೂಡಿಗೆರೆ, ಆಲ್ದೂರು, ಸಕಲೇಶಪುರ, ಬೇಲೂರಿನ ಸುತ್ತ ಬಹಳ ಮಂದಿ ಇದ್ದಾರೆ. ಬಳ್ಳಿಗೆ ಔಷಧ ಹೊಡೆಯುವುದು, ಬುಡಕ್ಕೆ ಗೊಬ್ಬರ ಕೊಡುವುದು, ಸೊರಗು ರೋಗವನ್ನು ತಡೆಯುವುದು ಇವುಗಳ ಬಗ್ಗೆ ನಮ್ಮಲ್ಲಿ ನಡೆಯುವಷ್ಟು ಚರ್ಚೆ ಕೊಯ್ಲಿನ ನಂತರದ ಒಂದು ವಾರದ ಬಗ್ಗೆ ನಡೆಯುವುದಿಲ್ಲ. ಆದರೆ ವರ್ಷವಿಡೀ ಜೋಪಾನ ಮಾಡಿದ ಕಾಳು ಬೂಷ್ಟು ಹಿಡಿಯುವುದೋ, ಎರಡು ಮಳೆಗಾಲ ಕಳೆದರೂ ಘಮ ಬಿಡದೆ ಉಳಿಯುವುದೋ ಎಂಬುದು ತೀರ್ಮಾನವಾಗುವುದು ಆ ಒಂದು ವಾರದಲ್ಲಿಯೇ. ಒಣಗಿಸಲು ಈಗ ಇರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಯಾವ ತೋಟಕ್ಕೆ ಯಾವುದು ಸರಿ ಎಂದು ಹೇಳುವುದು ಈ ಬರಹದ ಉದ್ದೇಶ.

ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ಆಯ್ಕೆಗಳೂ ಅದರ ಮೇಲೆಯೇ ನಿಂತಿವೆ. ಬಳ್ಳಿಯಿಂದ ಬಿಡಿಸಿದ ಹಸಿ ಕಾಳಿನಲ್ಲಿ ಶೇಕಡಾ 65ರಿಂದ 70ರಷ್ಟು ನೀರು ಇರುತ್ತದೆ. ಅದನ್ನು ಶೇಕಡಾ 10-11ಕ್ಕೆ ಇಳಿಸಿದರೆ ಮಾತ್ರ ಮೆಣಸು ಕೆಡದೆ ಉಳಿಯುತ್ತದೆ. ಶೇಕಡಾ 70ರಷ್ಟು ನೀರಿರುವ 100 ಕಿಲೋ ಹಸಿ ಕಾಳಿನಲ್ಲಿ ಗಟ್ಟಿ ಪದಾರ್ಥ ಇರುವುದು 30 ಕಿಲೋ ಮಾತ್ರ. ಅದನ್ನು ಶೇಕಡಾ 11ರ ತೇವಾಂಶಕ್ಕೆ ಒಣಗಿಸಿದಾಗ 33.7 ಕಿಲೋ ಒಣ ಮೆಣಸು ಕೈಗೆ ಸಿಗುತ್ತದೆ, ಅಂದರೆ 66 ಕಿಲೋಗೂ ಹೆಚ್ಚು ನೀರು ಹೊರಗೆ ಹೋಗಬೇಕು. ಹಸಿ ಕಾಳನ್ನು ಎರಡು ದಿನ ಬಿಸಿಲಿಗೆ ಹರವಿ ತೇವಾಂಶವನ್ನು ಶೇಕಡಾ 30ಕ್ಕೆ ತಂದರೆ ತೂಕ 43 ಕಿಲೋಗೆ ಇಳಿದಿರುತ್ತದೆ. ಹೊರಹೋಗಬೇಕಾದ ನೀರಿನಲ್ಲಿ ಏಳು ಪಾಲಿಗೆ ಆರು ಪಾಲು ಅಷ್ಟರಲ್ಲೇ ಹೋಗಿರುತ್ತದೆ. ಉಳಿದ ಒಂದು ಪಾಲು, ಅಂದರೆ ಒಂಬತ್ತು ಕಿಲೋ ಚಿಲ್ಲರೆ ನೀರು, ಕಾಳಿನ ಒಳಗಿನಿಂದ ನಿಧಾನವಾಗಿ ಬರುವಂಥದ್ದು. ಬೂಷ್ಟು ಹಿಡಿಯುವುದು, ಮಳೆಗೆ ಸಿಕ್ಕುವುದು, ಅವಸರಪಟ್ಟು ಚೀಲಕ್ಕೆ ತುಂಬುವುದು ಈ ಎಲ್ಲ ಅವಾಂತರಗಳೂ ಸಾಮಾನ್ಯವಾಗಿ ಆಗುವುದು ಆ ಕೊನೆಯ ಪಾಲಿನಲ್ಲಿ. ಮೊದಲ ಆರು ಪಾಲಿಗೆ ಬಿಸಿಲಿಗಿಂತ ಅಗ್ಗದ ಸಾಧನವಿಲ್ಲ. ದುಡ್ಡು ಹಾಕುವುದಿದ್ದರೆ ಏಳನೆಯ ಪಾಲಿಗೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಕೊಯ್ಲಿನ ಹದ ಮತ್ತು ಕಣದ ಪೈಪೋಟಿ

ಗೊಂಚಲಿನಲ್ಲಿ ಒಂದೆರಡು ಕಾಳು ಹಳದಿ ಅಥವಾ ಕೆಂಪಿಗೆ ತಿರುಗಿದಾಗ ಕೊಯ್ಯಬೇಕು ಎಂಬುದು ಎಲ್ಲರಿಗೂ ತಿಳಿದ ಮಾತು. ಜೂನ್-ಜುಲೈನಲ್ಲಿ ಕಾಳು ಕಟ್ಟಿದ ಬಳ್ಳಿ ಆರರಿಂದ ಎಂಟು ತಿಂಗಳಿಗೆ ಹದಕ್ಕೆ ಬರುವುದರಿಂದ, ನಮ್ಮ ಕಡೆ ತೋಟದ ಎತ್ತರವನ್ನು ಅನುಸರಿಸಿ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಯ್ಲು ನಡೆಯುತ್ತದೆ. ತೊಡಕು ಇರುವುದು ಇಲ್ಲಿಯೇ. ಅದೇ ಸಮಯದಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಕೊಯ್ದ ಕಾಫಿ ಹಣ್ಣು, ಕಣದ ತುಂಬ ಹರವಿರುತ್ತದೆ. ಚೆರ್ರಿ ಒಣಗಲು ಎರಡು ವಾರದ ಹತ್ತಿರ ಬೇಕು. ಕೆಲಸಕ್ಕೆ ಬರುವವರೂ ಎರಡು ಕಡೆಗೆ ಹಂಚಿಹೋಗಿರುತ್ತಾರೆ. ಅದರ ಮೇಲೆ, ಕಾಫಿಗೆ ಬೇಕೇ ಬೇಕಾದ ಹೂಮಳೆ ಫೆಬ್ರವರಿ ಕೊನೆಯಿಂದ ಯಾವ ಸಂಜೆ ಬೇಕಾದರೂ ಬರಬಹುದು. ಕಾಫಿ ಬೆಳೆಗಾರ ಕೈಮುಗಿದು ಕಾಯುವ ಮಳೆ, ಕಣದಲ್ಲಿ ಮೆಣಸು ಹರವಿದ ಅದೇ ಮನುಷ್ಯನಿಗೆ ಶತ್ರುವಾಗುವುದು ಮಲೆನಾಡಿನ ವಿಚಿತ್ರಗಳಲ್ಲಿ ಒಂದು.

ಆದ್ದರಿಂದ ಒಣಗಿಸುವ ವಿಧಾನವನ್ನು ಆರಿಸುವಾಗ ಬಣ್ಣ, ಪರಿಮಳ, ದರ ಇವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎಂದರೆ, ಕಣ ಎಷ್ಟು ದಿನ ಖಾಲಿ ಸಿಗುತ್ತದೆ ಎಂಬುದು. ಹಸಿ ಕಾಳನ್ನು ಎರಡು ಸೆಂಟಿಮೀಟರಿನಷ್ಟು ತೆಳುವಾಗಿ ಹರವಿದರೆ ಒಂದು ಚದರ ಮೀಟರಿಗೆ ಸುಮಾರು ಹತ್ತು ಕಿಲೋ ಹಿಡಿಯುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಣಕ್ಕೆ ಒಂದು ಸಲಕ್ಕೆ ಸಾವಿರ ಕಿಲೋ ಹಸಿ ಕಾಳು, ಅಂದರೆ ಮೂರು ಕ್ವಿಂಟಾಲಿಗೆ ಸ್ವಲ್ಪ ಮೇಲೆ ಒಣ ಮೆಣಸು ಎಂದು ಲೆಕ್ಕ ಹಾಕಿಕೊಳ್ಳಬಹುದು. ವರ್ಷಕ್ಕೆ ಹತ್ತು ಕ್ವಿಂಟಾಲ್ ಮಾಡುವವರು ಇಂಥ ಕಣವನ್ನು ಮೂರು ಸಲ ತುಂಬಿ ಮೂರು ಸಲ ಖಾಲಿ ಮಾಡಬೇಕು.

ಬಿಸಿನೀರಿನಲ್ಲಿ ಅದ್ದುವುದೋ, ಬಿಡುವುದೋ

ನಿಜವಾದ ಮೊದಲ ಆಯ್ಕೆ ಇದು. ಉಳಿದ ಆಯ್ಕೆಗಳಲ್ಲಿ ಬಹುಪಾಲು ಇದರ ಹಿಂದೆ ಬರುತ್ತವೆ.

ಹಳೆಯ ಪದ್ಧತಿಯಲ್ಲಿ ಕೊಯ್ದ ಗೊಂಚಲುಗಳನ್ನು ಒಂದು ರಾತ್ರಿ ಗೋಣಿಚೀಲದಲ್ಲಿ ಕಟ್ಟಿಟ್ಟು ಅಥವಾ ರಾಶಿ ಹಾಕಿ, ಮರುದಿನ ಕಾಲಿನಿಂದ ತುಳಿದು ಇಲ್ಲವೇ ಯಂತ್ರಕ್ಕೆ ಹಾಕಿ ಕಾಳು ಬಿಡಿಸಿ, ನೇರವಾಗಿ ಬಿಸಿಲಿಗೆ ಹರವುತ್ತಾರೆ. ಒಳ್ಳೆಯ ಬಿಸಿಲಿದ್ದರೆ ಐದರಿಂದ ಏಳು ದಿನಕ್ಕೆ ಒಣಗುತ್ತದೆ. ಖರ್ಚಿಲ್ಲ, ಕಲಿಯಬೇಕಾದ್ದೂ ಏನಿಲ್ಲ. ದೋಷವೇನೆಂದರೆ ಬಣ್ಣ ಒಂದೇ ಸಮನಾಗಿ ಬರುವುದಿಲ್ಲ, ಕೆಲವು ಕಾಳು ಕಂದಾಗಿಯೇ ಉಳಿಯುತ್ತವೆ. ಜೊತೆಗೆ ಬಳ್ಳಿಯ ಮೇಲಿನ ಧೂಳು, ಹಕ್ಕಿಯ ಹಿಕ್ಕೆ, ನೆಲದ ಸೂಕ್ಷ್ಮಾಣುಗಳು ಕಾಳಿನ ಮೇಲೆಯೇ ಉಳಿದುಬಿಡುತ್ತವೆ.

ಇದಕ್ಕೆ ಬದಲಾಗಿ, ಬಿಡಿಸಿದ ಕಾಳನ್ನು ರಂಧ್ರಗಳಿರುವ ಪಾತ್ರೆಯಲ್ಲೋ ಬಿದಿರಿನ ಬುಟ್ಟಿಯಲ್ಲೋ ಹಾಕಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ನೀರು ಬಸಿದು ಹರವುವ ಪದ್ಧತಿಯನ್ನು ಸಂಶೋಧನಾ ಕೇಂದ್ರಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಇದರಿಂದ ಒಣಗುವ ಅವಧಿ ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ. ಬಿಸಿನೀರು ಸಿಪ್ಪೆಯ ಕೋಶಗಳನ್ನು ಒಡೆಯುವುದರಿಂದ ಒಳಗಿನ ನೀರಿಗೆ ಹೊರಬರಲು ದಾರಿಯಾಗುತ್ತದೆ. ಕಾಳಿನ ಕಿಣ್ವವೂ ಸಿಪ್ಪೆಯಲ್ಲಿರುವ ಫಿನಾಲ್ ಪದಾರ್ಥಗಳೂ ಒಂದನ್ನೊಂದು ಬೇಗ ಕೂಡುವುದರಿಂದ ಬಣ್ಣ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಕತ್ತರಿಸಿಟ್ಟ ಸೇಬು ಕಂದಾಗುವಂಥದ್ದೇ ಕ್ರಿಯೆ ಇದು, ಇಲ್ಲಿ ಅದು ನಮಗೆ ಬೇಕಾಗಿರುವಂಥದ್ದು. ಆದರೆ ಆ ಕಿಣ್ವ ಹೆಚ್ಚು ಹೊತ್ತಿನ ಶಾಖವನ್ನು ತಡೆಯುವುದಿಲ್ಲ. ಒಂದು ನಿಮಿಷದ ಜಾಗದಲ್ಲಿ ಐದು ನಿಮಿಷ ಬೇಯಿಸಿದರೆ ಕಿಣ್ವವೇ ಸತ್ತು, ಕಪ್ಪಾಗಬೇಕಾದ ಕಾಳು ಮಂಕು ಕಂದು ಬಣ್ಣದಲ್ಲಿ ನಿಂತುಬಿಡುತ್ತದೆ. ಸಿಪ್ಪೆ ಬಿರಿದು ಪರಿಮಳದ ಎಣ್ಣೆಯೂ ಹೋಗುತ್ತದೆ. ಬಿಸಿನೀರಿನಲ್ಲಿ ಅದ್ದಿದರೂ ಬಣ್ಣ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಕಾಳನ್ನು ಅದ್ದಿರುವುದಿಲ್ಲ, ಬೇಯಿಸಿರುತ್ತಾರೆ.

ಇನ್ನೊಂದು ಬಗೆಯ ತಪ್ಪು ಇದಕ್ಕೆ ತೀರಾ ವಿರುದ್ಧವಾದದ್ದು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಂಥ ಕಡೆ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ನಲವತ್ತು ಲೀಟರ್ ಹಿಡಿಯುವ ಹಂಡೆಯಲ್ಲಿ ಅಷ್ಟು ಬಿಸಿಯಾಗಿರುವ ನೀರಿಗೆ ಹತ್ತು ಕಿಲೋ ತಣ್ಣನೆಯ ಕಾಳನ್ನು ಒಮ್ಮೆಲೇ ಇಳಿಸಿದರೆ ನೀರಿನ ಶಾಖ 85 ಡಿಗ್ರಿಯ ಹತ್ತಿರಕ್ಕೆ ಬೀಳುತ್ತದೆ; ಐದು ಕಿಲೋ ಇಳಿಸಿದರೆ 90ರಲ್ಲಿ ನಿಲ್ಲುತ್ತದೆ. ಒಂದು ಪಾಲು ಕಾಳಿಗೆ ಎಂಟು ಪಾಲು ನೀರು ಇರುವಂತೆ ನೋಡಿಕೊಂಡು, ಹಂಡೆಯ ಕೆಳಗಿನ ಬೆಂಕಿಯನ್ನು ಜೋರಾಗಿಯೇ ಇಟ್ಟು, ಪ್ರತಿ ಬುಟ್ಟಿಯ ನಂತರ ನೀರು ಮತ್ತೆ ಕೊತಕೊತ ಕುದಿಯುವವರೆಗೆ ಕಾಯಬೇಕು. ನೀರು ಕಷಾಯದ ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟತೊಡಗಿದಾಗ ಬದಲಾಯಿಸಬೇಕು. ಬುಟ್ಟಿ ಎತ್ತಿದ ಕೂಡಲೇ ಹಸಿರು ಕಾಳು ಸ್ವಲ್ಪ ಮಂಕಾಗಿ, ಮುಟ್ಟಿದರೆ ಮೆತ್ತಗಾಗದೆ ಗಟ್ಟಿಯಾಗಿಯೇ ಇದ್ದು, ಒಂದೆರಡು ಗಂಟೆ ಬಿಸಿಲು ಬಿದ್ದ ಮೇಲೆ ಚುಕ್ಕೆಚುಕ್ಕೆಯಾಗಿ ಕಪ್ಪಾಗತೊಡಗಿದರೆ ಹದ ಸರಿಯಾಗಿದೆ ಎಂದರ್ಥ.

ಬಿಸಿನೀರಿನ ಪದ್ಧತಿಗೆ ಒಂದು ಕಟ್ಟುಪಾಡಿದೆ. ಅದ್ದಿದ ದಿನವೇ ಬಿಸಿಲು ಬೇಕು. ಕೋಶ ಒಡೆದ ಕಾಳು ರಾಶಿಯಲ್ಲಿ ಒಂದು ರಾತ್ರಿ ಬಿದ್ದರೆ ಹುಳಿತು ನಾರತೊಡಗುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಒಲೆ ಹೊತ್ತಿಸಿ, ಹತ್ತು ಗಂಟೆಯೊಳಗೆ ಕಣಕ್ಕೆ ಹರವಿ ಮುಗಿಸುವಂತಿರಬೇಕು. ಮೋಡ ಕಟ್ಟಿದ ದಿನ ಬಿಡಿಸಿದ ಕಾಳನ್ನು ಅದ್ದದೆ ತೆಳುವಾಗಿ ನೆರಳಿನಲ್ಲಿ ಹರವಿಟ್ಟು ಮರುದಿನಕ್ಕೆ ಕಾಯುವುದೇ ಮೇಲು.

ಇಷ್ಟೆಲ್ಲ ಮಾಡಿದರೆ ದರ ಹೆಚ್ಚು ಸಿಗುತ್ತದೆಯೇ ಎಂದು ಕೇಳಿದರೆ, ಊರಿನ ವ್ಯಾಪಾರಿಯ ಬಳಿ ಬಣ್ಣ ಒಂದಕ್ಕೇ ದರ ಏರುವುದು ಕಡಿಮೆ. ಅವರು ಮೊದಲು ನೋಡುವುದು ತೇವಾಂಶವನ್ನು, ಲೀಟರ್ ತೂಕವನ್ನು (ಒಂದು ಲೀಟರ್ ಪಾತ್ರೆ ತುಂಬುವ ಕಾಳಿನ ತೂಕ), ಕಸ ಮತ್ತು ಜೊಳ್ಳನ್ನು. ಬಿಸಿನೀರಿನ ಲಾಭ ಇರುವುದು ದಿನಗಳಲ್ಲಿ. ಮೇಲೆ ಹೇಳಿದ ಹತ್ತು ಕ್ವಿಂಟಾಲಿನ ತೋಟದಲ್ಲಿ ಮೂರು ಸರದಿಗೆ ಬರಿಬಿಸಿಲಿನಲ್ಲಿ ಹದಿನೆಂಟು ದಿನ ಹಿಡಿಯುವ ಕಡೆ, ಅದ್ದಿ ಒಣಗಿಸಿದರೆ ಹತ್ತು-ಹನ್ನೆರಡು ದಿನದಲ್ಲಿ ಕಣ ಬಿಡುವಾಗುತ್ತದೆ. ಹಂಡೆ ಮತ್ತು ಸೌದೆಯ ಖರ್ಚಿನಲ್ಲಿ ಕಣವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿಕೊಂಡಂತೆ ಆಯಿತು. ಹೊಸ ಸಿಮೆಂಟ್ ಕಣ ಕಟ್ಟಿಸಬೇಕೆಂದು ಯೋಚಿಸುತ್ತಿರುವವರು ಮೊದಲು ಒಂದು ವರ್ಷ ಹಂಡೆ ಇಟ್ಟು ನೋಡಬೇಕು.

ಎಲ್ಲಿ ಹರವುವುದು

ಸಗಣಿ ಸಾರಿಸಿದ ಅಂಗಳದ ಬಗ್ಗೆ ಹೆಚ್ಚು ಹೇಳುವುದಿಲ್ಲ: ತಿನ್ನುವ ಪದಾರ್ಥವನ್ನು ಅದರ ಮೇಲೆ ಒಣಗಿಸಬಾರದು. ಉಳಿದಿರುವುದು ಬಿದಿರಿನ ಚಾಪೆ, ಟಾರ್ಪಾಲು ಮತ್ತು ಸಿಮೆಂಟ್ ಕಣ.

ಬಿದಿರಿನ ಚಾಪೆಗೆ ಮೆಂತ್ಯದ ಹಿಟ್ಟಿನ ಸರಿ ಬಳಿದು ಸಂದುಗಳನ್ನು ಮುಚ್ಚಿ, ಅದರ ಮೇಲೆ ಕಾಳು ಹರವುವ ಪದ್ಧತಿ ಹಳೆಯದಾದರೂ ಚೊಕ್ಕಟವಾದದ್ದು. ಮನೆಬಳಕೆಗೂ ಒಂದೆರಡು ಕ್ವಿಂಟಾಲಿಗೂ ಇಂದಿಗೂ ಸಾಕು. ಟಾರ್ಪಾಲಿನ ಅನುಕೂಲವೆಂದರೆ ಹನಿ ಬಿದ್ದ ಕೂಡಲೇ ನಾಲ್ಕು ಮೂಲೆ ಹಿಡಿದು ಎಳೆದರೆ ಇಡೀ ರಾಶಿ ಒಟ್ಟಿಗೆ ಬರುತ್ತದೆ, ಮತ್ತು ಚೆರ್ರಿ ಹರವಿದ ಕಣ ಬಿಟ್ಟು ಬೇರೆ ಎಲ್ಲಿ ಬೇಕಾದರೂ ಹಾಸಬಹುದು. ಅನನುಕೂಲವೆಂದರೆ ಅದರ ಕೆಳಗೆ ಗಾಳಿಯಾಡುವುದಿಲ್ಲ. ನೆಲದ ತಂಪು ಮೇಲೇರಿ ರಾಶಿಯ ತಳದ ಕಾಳು ಬೆವರುತ್ತದೆ. ಹಾಗಾಗಿ ಟಾರ್ಪಾಲಿನ ಮೇಲೆ ಹರವಿದವರು ದಿನಕ್ಕೆ ನಾಲ್ಕೈದು ಸಲವಾದರೂ ಕಾಳನ್ನು ತಿರುವಿಹಾಕಬೇಕು. ಹಳೆಯದಾಗಿ ಸಿಪ್ಪೆ ಏಳುತ್ತಿರುವ ಟಾರ್ಪಾಲನ್ನು ಮೆಣಸಿಗೆ ಬಳಸಬಾರದು, ಪ್ಲಾಸ್ಟಿಕ್ಕಿನ ಚೂರು ಕಾಳಿನೊಳಗೆ ಬೆರೆತರೆ ಜರಡಿ ಹಿಡಿದರೂ ಹೋಗುವುದಿಲ್ಲ.

ಸಿಮೆಂಟ್ ಕಣ ಇವೆಲ್ಲಕ್ಕಿಂತ ವೇಗವಾಗಿ ಒಣಗಿಸುತ್ತದೆ, ಏಕೆಂದರೆ ಕಾಳಿಗೆ ಮೇಲಿನಿಂದ ಬಿಸಿಲು ಸಿಗುವಂತೆ ಕೆಳಗಿನಿಂದ ಕಾದ ನೆಲದ ಶಾಖವೂ ಸಿಗುತ್ತದೆ. ಆದರೆ ಅದು ಕಾಫಿಯ ಕಣವೂ ಆಗಿರುವುದರಿಂದ ಬಿರುಕುಗಳಲ್ಲಿ ಚೆರ್ರಿಯ ಸಿಪ್ಪೆ, ಹೋದ ವರ್ಷದ ಬೂಷ್ಟು ಹಿಡಿದ ಕಾಳು ಕೂತಿರುತ್ತವೆ. ಮೆಣಸು ಹರವುವ ಮೊದಲು ಬಿರುಕುಗಳನ್ನು ಕೆರೆದು, ತೊಳೆದು, ಒಂದು ದಿನ ಬರಿದಾಗಿ ಕಾಯಲು ಬಿಡಬೇಕು. ಮೆಣಸು ತೆಗೆದ ಮೇಲೆ ಮತ್ತೆ ಕಾಫಿ ಹರವುವುದಿದ್ದರೂ ಇದೇ ಮಾತು, ಏಕೆಂದರೆ ಕಾಫಿ ಬೇರೆಯ ವಾಸನೆಗಳನ್ನು ಬೇಗ ಹೀರಿಕೊಳ್ಳುತ್ತದೆ, ಮೆಣಸಿನ ಘಾಟು ಹತ್ತಿದ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜವನ್ನು, ಯಾರೂ ಮೆಚ್ಚುವುದಿಲ್ಲ.

ಯಾವುದರ ಮೇಲೆ ಹರವಿದರೂ ಸಂಜೆಯ ಕೆಲಸ ಒಂದೇ. ಇಬ್ಬನಿ ಬೀಳುವ ಮೊದಲು ಕಾಳನ್ನು ಗುಡ್ಡೆ ಮಾಡಿ ಮುಚ್ಚಬೇಕು. ಬಿಸಿಯಾಗಿರುವ ರಾಶಿಯ ಮೇಲೆ ನೇರವಾಗಿ ಪ್ಲಾಸ್ಟಿಕ್ ಹೊದಿಸಿದರೆ ರಾತ್ರಿ ಅದರ ಒಳಮೈಗೆ ನೀರು ಕಟ್ಟಿ ಬೆಳಗ್ಗೆ ಮೇಲಿನ ಪದರ ಒದ್ದೆಯಾಗಿರುತ್ತದೆ. ಮೊದಲು ಗೋಣಿಚೀಲ ಹೊದಿಸಿ ಅದರ ಮೇಲೆ ಟಾರ್ಪಾಲು ಹಾಕಬೇಕು. ಹಾಗೆಯೇ ದಪ್ಪ ಕಾಳಿನ ಪನ್ನಿಯೂರು-1 ಮತ್ತು ಸಣ್ಣ ಕಾಳಿನ ಕರಿಮುಂಡ ಒಟ್ಟಿಗೆ ಬೆರೆತಿದ್ದರೆ ಒಂದು ಒಣಗುವಾಗ ಇನ್ನೊಂದು ಹಸಿಯಾಗಿರುತ್ತದೆ, ಆದ್ದರಿಂದ ಬಳ್ಳಿಯ ಜಾತಿ ಬೇರೆಯಾದರೆ ಹರವುವ ಜಾಗವೂ ಬೇರೆಯಾಗಿರಲಿ. ಬಳ್ಳಿಯ ಬುಡದಲ್ಲಿ ಉದುರಿದ ಕಾಳನ್ನು ಆರಿಸಿ ತಂದರೆ ಅದನ್ನು ಒಳ್ಳೆಯ ಕಾಳಿನ ಜೊತೆ ಎಂದಿಗೂ ಸೇರಿಸಬಾರದು. ಮಣ್ಣಿನಲ್ಲಿ ದಿನಗಟ್ಟಲೆ ಬಿದ್ದ ಕಾಳಿನಲ್ಲಿ ಶೀಲಿಂಧ್ರ ಆಗಲೇ ಸೇರಿರುತ್ತದೆ. ಯುರೋಪಿನ ಒಕ್ಕೂಟ ಮೆಣಸಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ಶೀಲಿಂಧ್ರದ ವಿಷಕ್ಕೆ ಇಟ್ಟಿರುವ ಮಿತಿ ಒಂದು ಕಿಲೋಗೆ 5 ಮೈಕ್ರೋಗ್ರಾಂ ಮಾತ್ರ. ಬುಟ್ಟಿಯಷ್ಟು ಉದುರು ಕಾಳು ಒಂದು ಕ್ವಿಂಟಾಲನ್ನು ಆ ಮಿತಿಯಿಂದ ಆಚೆಗೆ ತಳ್ಳಬಲ್ಲದು.

ಪಾಲಿಥೀನ್ ಮನೆ

ಕಬ್ಬಿಣದ ಕೊಳವೆ ಅಥವಾ ಅಡಿಕೆ ದಬ್ಬೆಯ ಚೌಕಟ್ಟಿಗೆ ನೇರಳಾತೀತ ಕಿರಣ ತಡೆಯುವ 200 ಮೈಕ್ರಾನ್ ಪಾಲಿಥೀನ್ ಹೊದಿಸಿ, ಒಳಗೆ ಜಾಲರಿಯ ತಟ್ಟೆಗಳನ್ನು ಎರಡು ಮೂರು ಅಂತಸ್ತಾಗಿ ಇಟ್ಟು ಒಣಗಿಸುವ ಪದ್ಧತಿ ಸಣ್ಣ ಬೆಳೆಗಾರರಿಗೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಅನ್ನಿಸುತ್ತದೆ. ಬಿಸಿಲಿನ ಶಾಖ ಒಳಗೆ ಉಳಿಯುತ್ತದೆ, ಧೂಳು ಮತ್ತು ಹಕ್ಕಿ ಹೊರಗೆ ಉಳಿಯುತ್ತವೆ, ಮಳೆ ಬಂದರೆ ಓಡಬೇಕಾಗಿಲ್ಲ, ಸಂಜೆ ಗುಡ್ಡೆ ಮಾಡಬೇಕಾಗಿಲ್ಲ. ಆದರೆ ಇದನ್ನು ಕಟ್ಟುವವರು ಎಲ್ಲ ಕಡೆಯಿಂದ ಬಿಗಿಯಾಗಿ ಮುಚ್ಚಿಬಿಡುವುದು ಸಾಮಾನ್ಯ, ಮತ್ತು ಕೆಲಸ ಕೆಡುವುದೂ ಅಲ್ಲಿಯೇ. ಕಾಳಿನಿಂದ ಹೊರಟ ನೀರಿನ ಆವಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಪಾಲಿಥೀನಿನ ಒಳಮೈಗೆ ತಾಗಿ, ಹನಿಯಾಗಿ, ಮತ್ತೆ ಕಾಳಿನ ಮೇಲೆಯೇ ಬೀಳುತ್ತದೆ. ಕೆಳಗಿನಿಂದ ಗಾಳಿ ಒಳಬರುವಂತೆ ಪಕ್ಕದಲ್ಲಿ ಒಂದು ಅಡಿ ಜಾಲರಿ, ಮೇಲ್ಭಾಗದಲ್ಲಿ ಆವಿ ಹೊರಹೋಗುವಂತೆ ಕಿಂಡಿ ಇರಲೇಬೇಕು. ಮಧ್ಯಾಹ್ನ ಒಳಗಿನ ಶಾಖ 60 ಡಿಗ್ರಿ ದಾಟದಂತೆ ನೋಡಿಕೊಳ್ಳಲು ಒಂದು ಸಾಧಾರಣ ಉಷ್ಣಮಾಪಕವನ್ನು ತೂಗುಹಾಕಿದರೆ ಸಾಕು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಶಾಖಕ್ಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲವಾದರೂ, ಶೇಕಡಾ 2ರಿಂದ 4ರಷ್ಟಿರುವ ಪರಿಮಳದ ಎಣ್ಣೆ ಹಾರಿಹೋಗುವಂಥದ್ದು. ಖಾರವಿದ್ದು ಘಮವಿಲ್ಲದ ಮೆಣಸು ಹೆಚ್ಚು ಕಾಯಿಸಿದ ಮೆಣಸು.

ಹೂಮಳೆಯ ಜೊತೆ ಬರುವ ಗಾಳಿಗೆ ಚೌಕಟ್ಟು ತಡೆಯಬೇಕು, ಪಾಲಿಥೀನನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬ ಎರಡು ಖರ್ಚುಗಳನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಇಡೀ ಬೆಳೆಗೆ ಸಾಕಾಗುವಷ್ಟು ದೊಡ್ಡದು ಕಟ್ಟಿಸುವ ಅಗತ್ಯವಿಲ್ಲ. ಮೊದಲ ಎರಡು ದಿನ ಕಣದಲ್ಲಿ ಒಣಗಿ ತೂಕ ಅರ್ಧಕ್ಕಿಂತ ಕೆಳಗೆ ಇಳಿದ ಕಾಳನ್ನು ಕೊನೆಯ ಹದಕ್ಕೆ ಒಳಗೆ ಸಾಗಿಸುವುದಾದರೆ, ಕಣದ ಕಾಲು ಭಾಗದಷ್ಟು ನೆಲದ ಮನೆಯೇ ಧಾರಾಳವಾಗುತ್ತದೆ.

ಡ್ರೈಯರ್

ಯಂತ್ರದ ಡ್ರೈಯರಿನ ಮಾತು ಬಂದಾಗ ಮಾರುವವರು ಹೇಳುವುದು ಹಸಿ ಕಾಳು ಹಾಕಿ ಒಣ ಕಾಳು ತೆಗೆಯುವ ಕಥೆಯನ್ನು. ಲೆಕ್ಕ ಬೇರೆ ಹೇಳುತ್ತದೆ. ನೂರು ಕಿಲೋ ಹಸಿ ಕಾಳಿನಿಂದ 66 ಕಿಲೋ ನೀರನ್ನು ಆವಿ ಮಾಡಲು, ಶಾಖ ಒಂದಿಷ್ಟೂ ಪೋಲಾಗದಿದ್ದರೂ, 44 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಪೋಲಾಗುವುದನ್ನು ಸೇರಿಸಿದರೆ ಅದು ಎರಡು ಪಟ್ಟಾಗುವುದು ಕಷ್ಟವೇನಲ್ಲ, ಅಂದರೆ ಒಂದು ಕಿಲೋ ಒಣ ಮೆಣಸಿಗೆ ಎರಡೂವರೆ ಯೂನಿಟ್ಟಿಗೂ ಹೆಚ್ಚು. ಬಿಸಿಲು ಬಿಟ್ಟಿಯಾಗಿ ಬೀಳುವ ಮಾರ್ಚ್ ತಿಂಗಳಿನಲ್ಲಿ ಇಷ್ಟು ಖರ್ಚು ಮಾಡುವುದಕ್ಕೆ ಅರ್ಥವಿಲ್ಲ. ಅದೇ ಡ್ರೈಯರಿಗೆ ಎರಡು ದಿನ ಬಿಸಿಲು ಕಂಡ, ಶೇಕಡಾ 30ರ ತೇವಾಂಶದ ಕಾಳನ್ನು ಹಾಕಿದರೆ ತೆಗೆಯಬೇಕಾದ ನೀರು ಒಂಬತ್ತು ಕಿಲೋ ಮಾತ್ರ. ಕೊನೆಯ ನೀರು ನಿಧಾನವಾಗಿ ಬರುವುದರಿಂದ ಖರ್ಚು ಏಳನೆಯ ಒಂದು ಪಾಲಿಗೆ ಇಳಿಯುವುದಿಲ್ಲ ನಿಜ, ಆದರೆ ಬಹಳ ಇಳಿಯುತ್ತದೆ. ಒಂದು ಸಲಕ್ಕೆ ಹಿಡಿಯುವ ಸರಕೂ ಎರಡು ಪಟ್ಟಾಗುತ್ತದೆ.

ಸೌದೆಯ ಡ್ರೈಯರ್ ಕೊಳ್ಳುವವರು ಒಂದೇ ಒಂದು ಸಂಗತಿಯನ್ನು ನೋಡಿಕೊಂಡರೆ ಸಾಕು: ಹೊಗೆ ಕಾಳಿಗೆ ತಾಗುತ್ತದೆಯೇ, ಇಲ್ಲವೇ. ಹೊಗೆ ಕೊಳವೆಯಲ್ಲಿ ಹರಿದು ಹೊರಗೆ ಹೋಗಿ, ಕಾದ ಶುದ್ಧ ಗಾಳಿ ಮಾತ್ರ ಕಾಳಿನ ನಡುವೆ ಹಾಯುವಂತೆ ಇರಬೇಕು. ಹೊಗೆಯಲ್ಲಿ ಒಣಗಿದ ಮೆಣಸಿಗೆ ಸುಟ್ಟ ವಾಸನೆ ಬರುವುದಲ್ಲದೆ, ಸೌದೆಯ ಹೊಗೆಯಿಂದ ಬರುವ ಹಾನಿಕಾರಕ ಹೈಡ್ರೋಕಾರ್ಬನ್‌ಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಗಾಳಿಯ ಶಾಖವನ್ನು 55ರಿಂದ 60 ಡಿಗ್ರಿಯ ನಡುವೆ ಇಟ್ಟುಕೊಳ್ಳಬೇಕು.

ನಾಲ್ಕು ಮನೆಯವರು ಸೇರಿ ಒಂದು ಡ್ರೈಯರ್ ಕೊಳ್ಳುವ ಸಲಹೆ ಆಗಾಗ ಕೇಳಿಬರುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಮಳೆ ನಾಲ್ಕೂ ಮನೆಯ ಕಣಕ್ಕೆ ಒಂದೇ ಸಂಜೆ ಬೀಳುತ್ತದೆ, ಆ ರಾತ್ರಿ ಸರದಿ ಯಾರದು ಎಂಬುದನ್ನು ಕೊಳ್ಳುವ ಮೊದಲೇ ಬರೆದಿಟ್ಟುಕೊಂಡಿದ್ದರೆ ನೆಂಟಸ್ತಿಕೆ ಉಳಿಯುತ್ತದೆ. ಕಣ, ಕಾಳು ಬಿಡಿಸುವ ಯಂತ್ರ, ಡ್ರೈಯರುಗಳಿಗೆ ಕಾಲಕಾಲಕ್ಕೆ ಸಹಾಯಧನ ಇರುತ್ತದೆಯಾದರೂ ಅದರ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಎಲ್ಲರೂ ಸ್ಪೈಸಸ್ ಬೋರ್ಡ್ ಎಂದೇ ಕರೆಯುವ ಸಾಂಬಾರ ಮಂಡಳಿಯ ಸಕಲೇಶಪುರದ ಕಚೇರಿಯಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಬಿಳಿಮೆಣಸು, ಅಂದರೆ ನಮ್ಮವರು ಬೋಳುಕಾಳು ಎನ್ನುವುದು, ಈ ಹೋಲಿಕೆಯಿಂದ ಹೊರಗಿನದು. ಪೂರ್ತಿ ಹಣ್ಣಾದ ಕಾಳನ್ನು ಒಂದು ವಾರಕ್ಕೂ ಮೇಲೆ ನೀರಿನಲ್ಲಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಬೇಕು. ನೂರಕ್ಕೆ ಮೂವತ್ತಮೂರು ಸಿಗುವ ಕಡೆ ಇಪ್ಪತ್ತೈದು ಸಿಗುತ್ತದೆ. ಕೊಳ್ಳುವವರು ಮೊದಲೇ ಗೊತ್ತಾಗಿದ್ದರೆ ಮಾತ್ರ ಆ ದಾರಿ ಹಿಡಿಯಬೇಕು.

ಯಾವ ಸೀಮೆಗೆ ಯಾವುದು

ಬೇಲೂರಿನ ಪೂರ್ವಕ್ಕೂ ಚಿಕ್ಕಮಗಳೂರು ಪೇಟೆಯ ಪೂರ್ವದ ಕಡೆಗೂ ತೋಟವಿರುವವರಿಗೆ ಮಾರ್ಚ್‌ನ ಬಿಸಿಲು ನಂಬುವಂಥದ್ದು. ನಾಲ್ಕೈದು ಕ್ವಿಂಟಾಲಿನೊಳಗಿನ ಬೆಳೆಯಾದರೆ ಅವರು ಅದ್ದದೆಯೇ ಟಾರ್ಪಾಲಿನ ಮೇಲೆ ಒಣಗಿಸಿದರೂ ಒಳ್ಳೆಯ ಮೆಣಸೇ ಆಗುತ್ತದೆ. ಡ್ರೈಯರಿನ ಯೋಚನೆಯನ್ನೇ ಅವರು ಮಾಡಬೇಕಾಗಿಲ್ಲ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯ, ಕಾಫಿಯ ಜೊತೆ ಕಣ ಹಂಚಿಕೊಳ್ಳುವ ತೋಟಗಳಿಗೆ ನಾನು ಹೇಳುವುದು ಹಂಡೆ, ಇರುವ ಕಣ, ಮತ್ತು ಕೊನೆಯ ಹದಕ್ಕೆ ಒಂದು ಸಣ್ಣ ಪಾಲಿಥೀನ್ ಮನೆ, ಇದೇ ಕ್ರಮದಲ್ಲಿ, ಒಂದೊಂದು ವರ್ಷಕ್ಕೆ ಒಂದೊಂದಾಗಿ. ಬಾಬಾಬುಡನ್‌ಗಿರಿಯ ಇಳಿಜಾರು, ಕೊಟ್ಟಿಗೆಹಾರದ ಘಟ್ಟದ ಅಂಚು ಮುಂತಾದ ಎತ್ತರದ ಕಡೆ ಕಾಳು ತಡವಾಗಿ ಹದಕ್ಕೆ ಬರುತ್ತದೆ, ಬೆಳಗಿನ ಮಂಜು ಹತ್ತು ಗಂಟೆಯವರೆಗೂ ಬಿಡುವುದಿಲ್ಲ, ಕೊಯ್ಲು ಮಳೆಯ ದಿನಗಳಿಗೇ ತಾಗಿಕೊಂಡಿರುತ್ತದೆ. ಡ್ರೈಯರ್ ಆಡಂಬರವಲ್ಲ, ಅಗತ್ಯ ಎನ್ನುವಂಥ ಜಾಗ ಅದು. ಅಲ್ಲಿಯೂ ಅದು ಬಿಸಿಲಿನ ನಂತರದ ಎರಡನೆಯ ಹಂತಕ್ಕೆ ಇರಲಿ.

ಒಣಗಿತು ಎಂದು ತಿಳಿಯುವುದು ಮತ್ತು ಕಟ್ಟಿಡುವುದು

ಹಲ್ಲಿನಲ್ಲಿ ಕಡಿದಾಗ ಟಕ್ಕೆಂದು ಒಡೆಯುವುದು, ಅಂಗೈಯಲ್ಲಿ ಅಲ್ಲಾಡಿಸಿದಾಗ ಗಲಗಲ ಸದ್ದು ಬರುವುದು, ಇವು ಅನುಭವಿಗಳ ಪರೀಕ್ಷೆಗಳು; ಆದರೆ ಶೇಕಡಾ 14ರ ಕಾಳೂ ಬಿಸಿಲಿನಲ್ಲಿ ಕಾದಿರುವಾಗ ಟಕ್ಕೆನ್ನುತ್ತದೆ. ಕಾಳನ್ನು ನೆರಳಿನಲ್ಲಿ ಆರಲು ಬಿಟ್ಟ ಮೇಲೆಯೇ ಕಡಿದು ನೋಡಬೇಕು. ಧಾನ್ಯಗಳಿಗೆ ಹೇಳುವ ಉಪ್ಪಿನ ಪರೀಕ್ಷೆ, ಅಂದರೆ ಒಣ ಗಾಜಿನ ಸೀಸೆಯಲ್ಲಿ ಕಾಳು ಮತ್ತು ಉಪ್ಪು ಹಾಕಿ ಕುಲುಕಿದಾಗ ಉಪ್ಪು ಗಾಜಿಗೆ ಅಂಟುತ್ತದೆಯೇ ಎಂದು ನೋಡುವುದು, ಶೇಕಡಾ 15ರ ಆಸುಪಾಸಿನ ತೇವಾಂಶವನ್ನು ಮಾತ್ರ ತೋರಿಸುತ್ತದೆ, ಹಾಗಾಗಿ ಮೆಣಸಿಗೆ ಅದು ಸಾಲದು. ಹೆಚ್ಚು ನಂಬಬಹುದಾದ ಉಪಾಯವೆಂದರೆ ತೂಕ. ಹರವುವ ದಿನ ಎರಡು ಕಿಲೋ ಹಸಿ ಕಾಳನ್ನು ಸೊಳ್ಳೆಪರದೆಯ ಬಟ್ಟೆಯ ಅಗಲ ಚೀಲದಲ್ಲಿ ಹಾಕಿ, ರಾಶಿಯ ಜೊತೆಯಲ್ಲೇ ತೆಳುವಾಗಿ ಹರವಿಟ್ಟು, ಮೂರನೆಯ ದಿನದಿಂದ ಸಂಜೆ ತೂಗುತ್ತ ಬರಬೇಕು. ಎರಡು ಕಿಲೋ ಇದ್ದದ್ದು 680 ಗ್ರಾಂ ಆಸುಪಾಸಿಗೆ ಇಳಿದು, ಮರುದಿನದ ಬಿಸಿಲಿಗೂ ಐದಾರು ಗ್ರಾಂಗಿಂತ ಹೆಚ್ಚು ಇಳಿಯದಿದ್ದರೆ ನಿಲ್ಲಿಸಬಹುದು. ವ್ಯಾಪಾರಿಯ ತೇವಾಂಶ ಅಳೆಯುವ ಮೀಟರಿನಲ್ಲಿ ಅದೇ ಕಾಳನ್ನು ಒಮ್ಮೆ ನೋಡಿಸಿದರೆ ಮುಂದಿನ ವರ್ಷಕ್ಕೆ ನಿಮ್ಮ ತೋಟದ ಲೆಕ್ಕವೇ ಕೈಯಲ್ಲಿರುತ್ತದೆ. ಒಲೆಯಲ್ಲೋ ಓವನ್‌ನಲ್ಲೋ ಕಾಯಿಸಿ ತೂಕ ನೋಡುವ ವಿಧಾನ ಮೆಣಸಿಗೆ ಸರಿಹೋಗುವುದಿಲ್ಲ, ನೀರಿನ ಜೊತೆ ಎಣ್ಣೆಯೂ ಹಾರುವುದರಿಂದ ತೇವಾಂಶ ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಪ್ರಯೋಗಾಲಯಗಳು ಟಾಲ್ಯೂಯಿನ್ ಎಂಬ ದ್ರಾವಕದ ಜೊತೆ ಬಟ್ಟಿ ಇಳಿಸಿ ಅಳೆಯುವುದು ಇದೇ ಕಾರಣಕ್ಕೆ.

ಹೆದರಿ ಅತಿಯಾಗಿ ಒಣಗಿಸುವುದೂ ನಷ್ಟವೇ. ಶೇಕಡಾ 11ರಲ್ಲಿ 33.7 ಕಿಲೋ ತೂಗುವ ಮೆಣಸು ಶೇಕಡಾ 8ಕ್ಕೆ ಇಳಿದರೆ 32.6 ಕಿಲೋ ಆಗುತ್ತದೆ. ಹತ್ತು ಕ್ವಿಂಟಾಲಿನಲ್ಲಿ ಮೂವತ್ತು ಕಿಲೋಗೂ ಹೆಚ್ಚು ಗಾಳಿಗೆ ಹೋದಂತೆ. ಒಣಗಿದ ಕಾಳನ್ನು ಮೊರದಲ್ಲಿ ಕೇರಿ ಅಥವಾ ಫ್ಯಾನಿನ ಗಾಳಿಗೆ ತೂರಿ ಜೊಳ್ಳು, ತೊಟ್ಟು, ಧೂಳು ತೆಗೆದು, ಒಂದು ಲೀಟರ್ ಪಾತ್ರೆಗೆ ತುಂಬಿ ತೂಗಿ ನೋಡಬೇಕು. ಲೀಟರಿಗೆ 550 ಗ್ರಾಂ ಬಂದರೆ ಒಳ್ಳೆಯ ಸರಕು. 500ಕ್ಕಿಂತ ಕೆಳಗಿದ್ದರೆ ಎಳಸು ಕಾಳು ಹೆಚ್ಚಾಗಿದೆ ಎಂದೇ ಅರ್ಥ, ಅದನ್ನು ಒಣಗಿಸುವ ಯಾವ ವಿಧಾನವೂ ಸರಿಪಡಿಸಲಾರದು.

ದರಕ್ಕಾಗಿ ಮಳೆಗಾಲ ದಾಟಿಸಿ ಇಟ್ಟುಕೊಳ್ಳುವವರು ಚೀಲದ ವಿಷಯದಲ್ಲಿ ಜಿಪುಣತನ ಮಾಡಬಾರದು. ಜುಲೈ ತಿಂಗಳ ಸಕಲೇಶಪುರದ ಗಾಳಿಯಲ್ಲಿ ಬರಿಯ ಗೋಣಿಚೀಲದಲ್ಲಿಟ್ಟ ಮೆಣಸು ಕಷ್ಟಪಟ್ಟು ಕಳೆದ ತೇವವನ್ನೆಲ್ಲ ಮತ್ತೆ ಎಳೆದುಕೊಳ್ಳುತ್ತದೆ. ಕಾಳನ್ನು ಪೂರ್ತಿ ತಣ್ಣಗಾಗಲು ಬಿಟ್ಟು, ಒಳಗೆ ದಪ್ಪ ಪಾಲಿಥೀನ್ ಚೀಲವಿರುವ ಗೋಣಿಗೆ ತುಂಬಿ, ಒಳಚೀಲದ ಬಾಯಿಯನ್ನು ತಿರುಚಿ ಕಟ್ಟಿ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಮರದ ಹಲಗೆಗಳ ಮೇಲೆ ಇಡಬೇಕು. ಹಳೆಯ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಬೆಚ್ಚಗಿರುವುದರಿಂದ ಅಲ್ಲಿಗೇ ಏರಿಸುವ ರೂಢಿಯಿದೆ. ಸೌದೆ ಒಲೆಯಿರುವ ಮನೆಯಲ್ಲಿ ಅದು ತೇವದಿಂದ ಕಾಪಾಡುತ್ತದೆಯಾದರೂ ಹೊಗೆಯ ವಾಸನೆ ಹತ್ತಿಸುತ್ತದೆ. ಗ್ಯಾಸ್ ಒಲೆಯ ಮನೆಯಲ್ಲಿ ಅಟ್ಟಕ್ಕೆ ಆ ಒಣಗುಣವೇ ಉಳಿದಿರುವುದಿಲ್ಲ, ಬದಲಿಗೆ ಅಡುಗೆಯ ಆವಿ ಸೇರುತ್ತದೆ. ಕಾಫಿಯಿರುವ ಕೋಣೆಯಲ್ಲಿ ಮೆಣಸು ಬೇಡ. ಮಳೆಗಾಲದ ನಡುವೆ ಚೀಲ ಬಿಚ್ಚಿ ನೋಡುವ ಆಸೆಯನ್ನು ತಡೆದುಕೊಂಡು, ನೋಡಲೆಂದೇ ಎರಡು ಕಿಲೋದ ಒಂದು ಸಣ್ಣ ಚೀಲವನ್ನು ಅದೇ ರೀತಿ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡರೆ, ದೊಡ್ಡ ಚೀಲಗಳ ಬಾಯಿಯನ್ನು ಅಕ್ಟೋಬರ್‌ವರೆಗೆ ಮುಟ್ಟಬೇಕಾಗುವುದಿಲ್ಲ.